ಹಳೆಯ ಮೋಟಾರು ಸೈಕಲ್ಲುಗಳ ಸವೆದ ಬ್ರೇಕುಗಳ ದುರಸ್ತಿ: ನೋಂದಣಿ ನವೀಕರಣ ಮತ್ತು ಮಾಲೀಕತ್ವ ವರ್ಗಾವಣೆಯ ಅರ್ಜಿದಾರರಿಗೆ ಮಾಹಿತಿ

ಹಾವೇರಿ ಜಿಲ್ಲೆಯ ಹಾನಗಲ್ಲ ತಾಲ್ಲೂಕಿನ ತಿಳವಳ್ಳಿ ಹಾಗೂ ಸುತ್ತಲಿನ ಗ್ರಾಮಗಳಲ್ಲಿ, ಅಂತೆಯೇ ಶಿಗ್ಗಾಂವಿ, ಸವಣೂರು ಮತ್ತು ಹಿರೇಕೆರೂರು ತಾಲ್ಲೂಕುಗಳಲ್ಲಿ, ಒಮ್ಮೆ ಬಳಕೆಯಾದ ಮೋಟಾರು ಸೈಕಲ್ಲನ್ನು ಕೊಂಡು ಉಪಯೋಗಿಸುವುದು ಸಾಮಾನ್ಯವಾಗಿದೆ. ಹಾವೇರಿ ಜಿಲ್ಲೆಯು 1997ರ ಆಗಸ್ಟ್ ತಿಂಗಳಲ್ಲಿ ಧಾರವಾಡ ಜಿಲ್ಲೆಯಿಂದ ಬೇರ್ಪಟ್ಟು ರಚನೆಯಾಗಿದ್ದು, ಇಲ್ಲಿ ಹಾವೇರಿಯ ಕೆಎ-27 ಸಂಖ್ಯೆಯ ವಾಹನಗಳೂ ಧಾರವಾಡದ ಕೆಎ-25 ಸಂಖ್ಯೆಯ ವಾಹನಗಳೂ ಇರುತ್ತವೆ. ಶಿವಮೊಗ್ಗ ಮತ್ತು ಉತ್ತರ ಕನ್ನಡ ಜಿಲ್ಲೆಗಳ ಗಡಿ ಸಮೀಪವಿರುವುದರಿಂದ ಕೆಎ-14, ಕೆಎ-15 ಹಾಗೂ ಕೆಎ-31 ಸಂಖ್ಯೆಯ ವಾಹನಗಳೂ ಕೈ ಬದಲಾಗಿ ಈ ಭಾಗಕ್ಕೆ ಬರುತ್ತವೆ.

ಇಂತಹ ವಾಹನವನ್ನು ಕೊಳ್ಳುವವರು ಎಂಜಿನ್ನಿನ ಶಬ್ದವನ್ನು ಆಲಿಸುತ್ತಾರೆ, ಮೈಲೇಜನ್ನು ವಿಚಾರಿಸುತ್ತಾರೆ, ಟೈರನ್ನು ಕಣ್ಣಿನಿಂದ ನೋಡುತ್ತಾರೆ. ಬ್ರೇಕನ್ನು ಮಾತ್ರ ಒಮ್ಮೆ ಒತ್ತಿ ನೋಡಿ ಬಿಡುವುದೇ ರೂಢಿ. ಬ್ರೇಕ್ ಹಿಡಿಯುತ್ತದೆ ಎಂಬುದಕ್ಕೂ ಬ್ರೇಕ್ ಸುಸ್ಥಿತಿಯಲ್ಲಿದೆ ಎಂಬುದಕ್ಕೂ ವ್ಯತ್ಯಾಸವಿದೆ. ಹಿಂದಿನ ಚಕ್ರದ ನಟ್ಟನ್ನು ನಾಲ್ಕು ಸುತ್ತು ಬಿಗಿದರೆ ಪೂರ್ಣವಾಗಿ ಸವೆದ ಬ್ರೇಕ್ ಕೂಡ ಮಾರಾಟದ ದಿನದಂದು ಹಿಡಿಯುತ್ತದೆ. ನಟ್ಟು ಬಿಗಿಯುವುದು ಹೊಂದಾಣಿಕೆಯೇ ಹೊರತು ದುರಸ್ತಿಯಲ್ಲ. ಈ ವ್ಯತ್ಯಾಸವನ್ನು ಅರ್ಜಿದಾರರ ಗಮನಕ್ಕೆ ತರುವುದೇ ಈ ಪುಟದ ಉದ್ದೇಶವಾಗಿರುತ್ತದೆ.

ಬ್ರೇಕ್ ಸವೆಯುವ ಬಗೆ

ಈ ಭಾಗದಲ್ಲಿ ಬಳಕೆಯಲ್ಲಿರುವ ನೂರು ಸಿ.ಸಿ. ಶ್ರೇಣಿಯ ಹಳೆಯ ಮೋಟಾರು ಸೈಕಲ್ಲುಗಳಲ್ಲಿ ಬಹುತೇಕ ಎರಡೂ ಚಕ್ರಗಳಿಗೆ ಡ್ರಮ್ ಬ್ರೇಕುಗಳಿರುತ್ತವೆ. ಚಕ್ರದ ಹಬ್ಬಿನ ಒಳಗೆ ಅರ್ಧಚಂದ್ರಾಕಾರದ ಎರಡು ಬ್ರೇಕ್ ಶೂಗಳಿದ್ದು, ಅವುಗಳ ಹೊರಮೈಗೆ ಲೈನರ್ ಅಂಟಿಸಲಾಗಿರುತ್ತದೆ. ಪೆಡಲನ್ನು ಒತ್ತಿದಾಗ ರಾಡು, ಮುಂದಿನ ಲಿವರನ್ನು ಹಿಡಿದಾಗ ಕೇಬಲ್, ಬ್ರೇಕ್ ಆರ್ಮನ್ನು ಎಳೆಯುತ್ತದೆ. ಆರ್ಮ್ ತಿರುಗಿದಾಗ ಒಳಗಿನ ಕ್ಯಾಮ್ ತಿರುಗಿ ಎರಡೂ ಶೂಗಳನ್ನು ಅಗಲಿಸುತ್ತದೆ. ಲೈನರ್ ಡ್ರಮ್ಮಿನ ಒಳಗೋಡೆಗೆ ಉಜ್ಜಿ ಚಕ್ರ ನಿಲ್ಲುತ್ತದೆ. ಹೊಸ ಲೈನರಿನ ದಪ್ಪ ಸಾಮಾನ್ಯವಾಗಿ 4 ಮಿ.ಮೀ. ಇರುತ್ತದೆ. ಅದು 2 ಮಿ.ಮೀ.ಗೆ ಇಳಿದಾಗ ಶೂಗಳನ್ನು ಬದಲಾಯಿಸತಕ್ಕದ್ದು.

ಲೈನರ್ ಸವೆದಂತೆಲ್ಲಾ ಶೂ ಡ್ರಮ್ಮನ್ನು ತಲುಪಲು ಕ್ಯಾಮ್ ಹೆಚ್ಚು ಹೆಚ್ಚು ತಿರುಗಬೇಕಾಗುತ್ತದೆ. ಸವಾರನಿಗೆ ಇದು ಪೆಡಲಿನ ಸಡಿಲಿಕೆಯಾಗಿ ಮಾತ್ರ ತಿಳಿಯುತ್ತದೆ. ನಟ್ಟು ಬಿಗಿದೊಡನೆ ಸಡಿಲಿಕೆ ಹೋಗುತ್ತದೆ, ಸಮಸ್ಯೆಯೂ ಹೋಯಿತೆಂಬ ಭಾವನೆ ಉಂಟಾಗುತ್ತದೆ. ಆದರೆ ಕ್ಯಾಮ್ ಒಂದು ಮಿತಿಗಿಂತ ಹೆಚ್ಚು ತಿರುಗಿದಾಗ ಆರ್ಮಿನ ಎಳೆತದ ಬಲ ಕುಗ್ಗುತ್ತದೆ. ಇನ್ನೂ ಮುಂದುವರಿದರೆ ಕ್ಯಾಮ್ ತನ್ನ ತುದಿಯ ಮೇಲೆ ನಿಂತು ಹಿಂದಿರುಗದೆ ಚಕ್ರ ಕಚ್ಚಿಕೊಳ್ಳಬಹುದು. ಲೈನರ್ ಪೂರ್ತಿ ಮುಗಿದ ಮೇಲೆ ಶೂವಿನ ಅಲ್ಯೂಮಿನಿಯಂ ಲೋಹವೇ ಡ್ರಮ್ಮಿಗೆ ಉಜ್ಜತೊಡಗುತ್ತದೆ. ಅಲ್ಲಿಯವರೆಗೆ ಕೆಲವು ನೂರು ರೂಪಾಯಿಗಳ ಶೂಗಳಲ್ಲಿ ಮುಗಿಯುತ್ತಿದ್ದ ಕೆಲಸ, ಅನಂತರ ಹಬ್ಬನ್ನೇ ಬದಲಾಯಿಸುವ ಖರ್ಚಾಗಿ ಪರಿಣಮಿಸುತ್ತದೆ. ಜಮಾಖರ್ಚಿನ ದೃಷ್ಟಿಯಿಂದ ನೋಡಿದರೂ ನಟ್ಟು ಬಿಗಿದು ದಿನ ತಳ್ಳುವುದು ಉಳಿತಾಯವಲ್ಲ.

ಸ್ಥಳೀಯ ಪರಿಸ್ಥಿತಿಯೂ ಸವೆತವನ್ನು ಹೆಚ್ಚಿಸುತ್ತದೆ. ಹಾನಗಲ್ಲ ತಾಲ್ಲೂಕು ಭತ್ತ ಬೆಳೆಯುವ, ಕೆರೆಗಳು ಹೆಚ್ಚಿರುವ ಪ್ರದೇಶ. ಮುಂಗಾರಿನಲ್ಲಿ ಗದ್ದೆಯ ಬದಿಯ ರಸ್ತೆಗಳ ಕೆಸರುನೀರು ಬ್ರೇಕ್ ಪ್ಲೇಟಿನ ಅಂಚಿನಿಂದ ಒಳಗೆ ಇಳಿದು, ಒಣಗಿದ ಮೇಲೆ ಸಣ್ಣ ಮಣ್ಣಿನ ಕಣಗಳು ಲೈನರ್ ಮತ್ತು ಡ್ರಮ್ಮಿನ ನಡುವೆ ಅರದಂತೆ ಕೆಲಸ ಮಾಡುತ್ತವೆ. ಕ್ಯಾಮಿನ ಶಾಫ್ಟಿಗೆ ತುಕ್ಕು ಹಿಡಿದು ಬ್ರೇಕ್ ಒತ್ತಿದ ಮೇಲೆ ಬಿಡದಿರುವುದೂ ಮಳೆಗಾಲದ ನಂತರವೇ ಹೆಚ್ಚು. ಇದರ ಮೇಲೆ ಹುಲ್ಲಿನ ಹೊರೆ, ಹಾಲಿನ ಕ್ಯಾನು, ಗೋವಿನಜೋಳದ ಚೀಲ. ಇಬ್ಬರು ಕುಳಿತುಕೊಳ್ಳಲೆಂದು ರೂಪಿಸಿದ ವಾಹನದ ಬ್ರೇಕು ಆ ಭಾರಕ್ಕೆ ಲೆಕ್ಕ ಹಾಕಿ ಮಾಡಿದ್ದಲ್ಲ.

ನಿಲ್ಲುವ ದೂರ

ಗಂಟೆಗೆ 40 ಕಿ.ಮೀ. ವೇಗದಲ್ಲಿ ಚಲಿಸುವ ವಾಹನವು ಪ್ರತಿ ಸೆಕೆಂಡಿಗೆ ಸುಮಾರು 11 ಮೀಟರ್ ಸಾಗುತ್ತದೆ. ಅಡ್ಡ ಬಂದ ದನವನ್ನೋ ಮಗುವನ್ನೋ ಕಂಡು ಕೈ ಲಿವರನ್ನು ಹಿಡಿಯಲು ಒಂದು ಸೆಕೆಂಡು ಬೇಕೆಂದರೆ, ಬ್ರೇಕ್ ತಾಗುವ ಮೊದಲೇ 11 ಮೀಟರ್ ಕಳೆದಿರುತ್ತದೆ. ಎರಡೂ ಬ್ರೇಕುಗಳು ಚೆನ್ನಾಗಿದ್ದು, ಒಣ ಡಾಂಬರು ರಸ್ತೆಯಲ್ಲಿ ಪ್ರತಿ ಸೆಕೆಂಡಿಗೆ 5 ಮೀಟರಿನಷ್ಟು ವೇಗ ಕುಗ್ಗಿಸಬಲ್ಲವಾದರೆ, ವಾಹನ ಮತ್ತೆ ಸುಮಾರು 12 ಮೀಟರಿನಲ್ಲಿ ನಿಲ್ಲುತ್ತದೆ. ಬ್ರೇಕಿನ ಶಕ್ತಿ ಅದರ ಅರ್ಧಕ್ಕೆ ಇಳಿದಿದ್ದರೆ ಈ 12 ಮೀಟರ್ 25 ಮೀಟರ್ ಆಗುತ್ತದೆ. ಒಟ್ಟು ದೂರ 23ರ ಬದಲು 36 ಮೀಟರ್. ಹೆಚ್ಚಾದ ಈ 13 ಮೀಟರ್ ಹಳ್ಳಿಯ ಬಸ್ ನಿಲ್ದಾಣದ ಮುಂದಿನ ರಸ್ತೆಯ ಅಗಲಕ್ಕಿಂತ ಹೆಚ್ಚು. ವೇಗ ಇಮ್ಮಡಿಯಾದರೆ ಬ್ರೇಕ್ ಹಿಡಿದ ನಂತರದ ದೂರ ನಾಲ್ಕು ಪಟ್ಟಾಗುತ್ತದೆ ಎಂಬುದನ್ನೂ ನೆನಪಿಡಬೇಕು. ಊರೊಳಗಿನ ರಸ್ತೆಯಲ್ಲಿ ಸಾಲುತ್ತಿದ್ದ ಬ್ರೇಕು ಶಿಗ್ಗಾಂವಿ, ಹಾವೇರಿ ಮಾರ್ಗವಾಗಿ ಹಾಯುವ ರಾಷ್ಟ್ರೀಯ ಹೆದ್ದಾರಿ 48ರಲ್ಲಿ, ಅಂದರೆ ಹಿಂದಿನ ಹೆದ್ದಾರಿ 4ರಲ್ಲಿ, ಸಾಲದೆ ಹೋಗುವುದು ಇದರಿಂದಲೇ.

ಮುಂದಿನ ಬ್ರೇಕ್ ಹಿಡಿದರೆ ಬೀಳುತ್ತೇವೆಂಬ ನಂಬಿಕೆಯಿಂದ ಅನೇಕರು ಹಿಂದಿನ ಪೆಡಲನ್ನಷ್ಟೇ ಬಳಸುತ್ತಾರೆ. ವಾಹನದ ವೇಗ ಕುಗ್ಗುವಾಗ ಭಾರವು ಮುಂದಿನ ಚಕ್ರದ ಮೇಲೆ ಬೀಳುವುದರಿಂದ ನಿಲ್ಲಿಸುವ ಶಕ್ತಿಯ ಹೆಚ್ಚಿನ ಪಾಲು ಮುಂದಿನ ಬ್ರೇಕಿನದೇ ಆಗಿರುತ್ತದೆ. ಹಿಂದಿನದನ್ನೇ ನಂಬಿದ ವಾಹನಗಳಲ್ಲಿ ಹಿಂದಿನ ಶೂ ಬೇಗ ಸವೆಯುತ್ತದೆ. ಮುಂದಿನದು ಬಳಕೆಯಿಲ್ಲದೆ ಕೇಬಲ್ ತುಕ್ಕು ಹಿಡಿದು ಕೆಡುತ್ತದೆ. ಬಳಸಿದ ವಾಹನವನ್ನು ಕೊಳ್ಳುವಾಗ ಈ ಎರಡೂ ದೋಷಗಳು ಒಟ್ಟಿಗೇ ದೊರೆಯುವ ಸಂಭವವಿದೆ.

ಕೊಳ್ಳುವ ಮೊದಲು ಪರೀಕ್ಷೆ

ಚಕ್ರ ಬಿಚ್ಚದೆಯೇ ಗುರುತಿಸಬಹುದಾದ ಸಂಗತಿಗಳಿವೆ. ಬಹಳಷ್ಟು ಮಾದರಿಗಳಲ್ಲಿ ಬ್ರೇಕ್ ಆರ್ಮಿನ ಬುಡದಲ್ಲಿ ಒಂದು ಬಾಣದ ಗುರುತೂ, ಬ್ರೇಕ್ ಪ್ಲೇಟಿನ ಮೇಲೆ ಒಂದು ತ್ರಿಕೋನದ ಗುರುತೂ ಇರುತ್ತವೆ. ಬ್ರೇಕನ್ನು ಪೂರ್ಣವಾಗಿ ಒತ್ತಿ ಹಿಡಿದಾಗ ಬಾಣವು ತ್ರಿಕೋನವನ್ನು ಮುಟ್ಟಿದರೆ ಲೈನರಿನ ಆಯುಷ್ಯ ಮುಗಿದಿದೆ ಎಂದರ್ಥ. ಗುರುತು ಮಣ್ಣಿನಲ್ಲಿ ಮುಚ್ಚಿಹೋಗಿದ್ದರೆ ಒರೆಸಿ ನೋಡಬೇಕು. ಹಿಂದಿನ ರಾಡಿನ ಹೊಂದಾಣಿಕೆಯ ನಟ್ಟು ಎಷ್ಟು ದೂರ ಏರಿದೆ ಎಂಬುದನ್ನೂ ಗಮನಿಸಬೇಕು. ಮರೆಯ ಕೊನೆಯವರೆಗೆ ನಟ್ಟು ಏರಿದ್ದು ಹಿಂದೆ ರಾಡಿನ ಉದ್ದ ತುದಿ ಚಾಚಿಕೊಂಡಿದ್ದರೆ, ಬ್ರೇಕ್ ಎಷ್ಟೇ ಚೆನ್ನಾಗಿ ಹಿಡಿದರೂ ಶೂ ಸವೆದಿದೆಯೆಂದೇ ಭಾವಿಸತಕ್ಕದ್ದು.

ಈ ಗುರುತನ್ನು ಮರೆಮಾಚುವ ಎರಡು ರೂಢಿಗಳಿವೆ. ಒಂದು, ಆರ್ಮನ್ನು ಕ್ಯಾಮ್ ಶಾಫ್ಟಿನಿಂದ ಕಳಚಿ ಒಂದೆರಡು ಹಲ್ಲು ಹಿಂದಕ್ಕೆ ಕೂರಿಸುವುದು. ಇನ್ನೊಂದು, ಕ್ಯಾಮ್ ಮತ್ತು ಶೂಗಳ ನಡುವೆ ತಗಡಿನ ತುಂಡನ್ನು ಸೇರಿಸುವುದು. ಎರಡರಿಂದಲೂ ಸವೆದ ಶೂ ಇನ್ನಷ್ಟು ದಿನ ಓಡುತ್ತದೆ. ತಗಡು ಜಾರಿದ ದಿನ ಬ್ರೇಕ್ ಪೂರ್ತಿ ಇಲ್ಲವಾಗುತ್ತದೆ ಅಥವಾ ಚಕ್ರ ಸಿಕ್ಕಿಬೀಳುತ್ತದೆ. ಆರ್ಮ್ ಮತ್ತು ಶಾಫ್ಟಿನ ಮೇಲೆ ಸಾಮಾನ್ಯವಾಗಿ ಒಂದೊಂದು ಚುಕ್ಕೆಯಿದ್ದು, ಅವೆರಡೂ ಎದುರುಬದುರು ಇರಬೇಕು. ಇಲ್ಲದಿದ್ದಲ್ಲಿ ಮಾರುವವರನ್ನು ಕೇಳುವುದಕ್ಕೆ ಸಂಕೋಚಪಡಬೇಕಾಗಿಲ್ಲ.

ಸಾಧ್ಯವಾದರೆ ನಿರ್ಜನವಾದ ಸಮತಟ್ಟು ಜಾಗದಲ್ಲಿ ಗಂಟೆಗೆ 20 ಕಿ.ಮೀ.ಗಿಂತ ಹೆಚ್ಚಿಲ್ಲದ ವೇಗದಲ್ಲಿ ಮುಂದಿನ ಮತ್ತು ಹಿಂದಿನ ಬ್ರೇಕನ್ನು ಬೇರೆ ಬೇರೆಯಾಗಿ ಪರೀಕ್ಷಿಸಬೇಕು. ಪೆಡಲು ಕಾಲಿನಡಿ ಏರಿಳಿದಂತೆ ಮಿಡಿದರೆ ಡ್ರಮ್ಮಿನ ದುಂಡು ತಪ್ಪಿದೆ. ಕಬ್ಬಿಣ ಉಜ್ಜಿದ ಕರ್ಕಶ ಶಬ್ದ ಬಂದರೆ ಲೈನರ್ ಉಳಿದಿಲ್ಲ.

ದುರಸ್ತಿಯ ಕ್ರಮ

ಈ ಕೆಲಸವನ್ನು ಅನುಭವಿ ಮೆಕ್ಯಾನಿಕ್ಕಿನಿಂದ ಮಾಡಿಸುವುದು ಒಳಿತು. ಮಾಡಿಸುವವರು ಪಕ್ಕದಲ್ಲಿ ನಿಂತು ನೋಡಬೇಕಾದ ಅಂಶಗಳನ್ನು ಇಲ್ಲಿ ವಿವರಿಸಲಾಗಿದೆ. ತಯಾರಕರ ಕೈಪಿಡಿಯಲ್ಲಿ ಬೇರೆ ಅಳತೆ ಅಥವಾ ಕ್ರಮವಿದ್ದಲ್ಲಿ ಅದನ್ನೇ ಅನುಸರಿಸತಕ್ಕದ್ದು.

ವಾಹನವನ್ನು ಗಟ್ಟಿ ನೆಲದ ಮೇಲೆ ಸೆಂಟರ್ ಸ್ಟ್ಯಾಂಡಿನಲ್ಲಿ ನಿಲ್ಲಿಸಿ, ಹಿಂದಿನ ರಾಡಿನ ನಟ್ಟು, ಸ್ಪ್ರಿಂಗು ಮತ್ತು ಪಿನ್ನುಗಳನ್ನು ತೆಗೆದಿಡಬೇಕು. ಬ್ರೇಕ್ ಪ್ಲೇಟನ್ನು ಚೌಕಟ್ಟಿಗೆ ಜೋಡಿಸುವ ಟಾರ್ಕ್ ರಾಡಿನ ಬೋಲ್ಟನ್ನು ಬಿಚ್ಚಿ, ಆಕ್ಸಲನ್ನು ಹೊರಗೆಳೆದರೆ ಚಕ್ರ ಬಿಡುಗಡೆಯಾಗುತ್ತದೆ. ಪ್ಲೇಟನ್ನು ತೆಗೆದಾಗ ಕಾಣುವ ಕಪ್ಪು ಧೂಳನ್ನು ಬಾಯಿಯಿಂದಾಗಲಿ ಗಾಳಿಯ ಪೈಪಿನಿಂದಾಗಲಿ ಊದಕೂಡದು. ಹಳೆಯ ಲೈನರುಗಳಲ್ಲಿ ಕಲ್ನಾರು, ಅಂದರೆ ಆಸ್ಬೆಸ್ಟಾಸ್, ಇರುವ ಸಾಧ್ಯತೆಯಿದ್ದು, ಅದರ ಧೂಳು ಶ್ವಾಸಕೋಶಕ್ಕೆ ಅಪಾಯಕಾರಿ. ಗ್ಯಾರೇಜಿನಲ್ಲಿ ದಿನವಿಡೀ ಈ ಕೆಲಸದಲ್ಲಿರುವ ಹುಡುಗರ ಆರೋಗ್ಯದ ಪ್ರಶ್ನೆಯೂ ಇದಾಗಿದೆ. ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ವಿಲೇವಾರಿ ಮಾಡಬೇಕು.

ಶೂಗಳನ್ನು ಪುಸ್ತಕ ಮಡಚಿದಂತೆ ಒಳಮುಖವಾಗಿ ಮಡಚಿದರೆ ಸ್ಪ್ರಿಂಗುಗಳೊಂದಿಗೆ ಕೈಗೆ ಬರುತ್ತವೆ. ಲೈನರಿನ ದಪ್ಪವನ್ನು ಅತಿ ಹೆಚ್ಚು ಸವೆದ ಜಾಗದಲ್ಲಿ ಅಳೆಯಬೇಕು, ನಡುವಿನಲ್ಲಿ ಮಾತ್ರವಲ್ಲ. ದಪ್ಪ ಉಳಿದಿದ್ದು ಮೇಲ್ಮೈ ಗಾಜಿನಂತೆ ಹೊಳೆಯುತ್ತಿದ್ದರೆ ಒರಟು ಎಮರಿ ಕಾಗದದಿಂದ ಉಜ್ಜಿ ಬಳಸಬಹುದು. ಎಣ್ಣೆ ಅಥವಾ ಗ್ರೀಸ್ ಹೀರಿದ ಲೈನರನ್ನು ಪೆಟ್ರೋಲಿನಲ್ಲಿ ತೊಳೆದು ಮತ್ತೆ ಹಾಕುವುದು ವ್ಯರ್ಥ. ಬಿಸಿಯಾದೊಡನೆ ಒಳಗಿನ ಎಣ್ಣೆ ಮತ್ತೆ ಹೊರಬರುತ್ತದೆ. ಅಂತಹ ಶೂಗಳನ್ನು ಬದಲಾಯಿಸಿ, ಎಣ್ಣೆ ಎಲ್ಲಿಂದ ಬಂತೆಂಬುದನ್ನೂ ಪತ್ತೆ ಮಾಡಬೇಕು. ಬೇರಿಂಗಿನ ಸೀಲು ಹರಿದಿರುವುದೋ ಗ್ರೀಸನ್ನು ಅತಿಯಾಗಿ ತುಂಬಿರುವುದೋ ಸಾಮಾನ್ಯ ಕಾರಣ.

ಹಳೆಯ ಶೂಗಳಿಗೆ ಹೊಸ ಲೈನರ್ ಕೂರಿಸಿಕೊಡುವ ಪದ್ಧತಿ ಹಲವು ಊರುಗಳಲ್ಲಿ ಇಂದಿಗೂ ಇದೆ. ಸರಿಯಾಗಿ ಮಾಡಿದಲ್ಲಿ ಅದು ತಪ್ಪಲ್ಲ. ಆದರೆ ಅಂಟು ಬಿಟ್ಟ ಲೈನರ್ ಡ್ರಮ್ಮಿನೊಳಗೆ ಬೆಣೆಯಂತೆ ಸಿಲುಕಿ ಚಕ್ರವನ್ನು ಥಟ್ಟನೆ ನಿಲ್ಲಿಸಬಲ್ಲದು. ಹೊಸ ಶೂಗಳ ಬೆಲೆಗೂ ಇದಕ್ಕೂ ಇರುವ ಅಂತರ ಈ ಅಪಾಯಕ್ಕೆ ತಕ್ಕಷ್ಟು ದೊಡ್ಡದಲ್ಲ. ಹೊಸ ಶೂಗಳನ್ನು ರಸೀದಿಯೊಂದಿಗೆ ಕೊಳ್ಳಬೇಕು, ಜೋಡಿಯಾಗಿಯೇ ಬದಲಾಯಿಸಬೇಕು, ಎಳೆತ ಕಳೆದುಕೊಂಡ ಸ್ಪ್ರಿಂಗುಗಳನ್ನೂ ಜೊತೆಗೇ ಬದಲಾಯಿಸಬೇಕು.

ಡ್ರಮ್ಮಿನ ಒಳಗೋಡೆಯನ್ನು ಬೆರಳಿನಿಂದ ಸವರಿ ನೋಡಬೇಕು. ಆಳವಾದ ಗೀರುಗಳಿದ್ದರೆ ಹೊಸ ಲೈನರ್ ಕೆಲವೇ ತಿಂಗಳಲ್ಲಿ ಹಾಳಾಗುತ್ತದೆ. ಅನೇಕ ಹಬ್ಬುಗಳ ಮೇಲೆ ಡ್ರಮ್ಮಿನ ಗರಿಷ್ಠ ಒಳವ್ಯಾಸವನ್ನು ಅಚ್ಚೊತ್ತಿರುತ್ತಾರೆ. ಆ ಮಿತಿ ಮೀರಿದ ಡ್ರಮ್ಮಿಗೆ ಹೊಸ ಶೂ ಹಾಕಿದರೂ ಪೂರ್ಣ ಹಿಡಿತ ಸಿಗದು. ಕ್ಯಾಮನ್ನು ಹೊರತೆಗೆದು ತುಕ್ಕು ಉಜ್ಜಿ, ಶಾಫ್ಟಿಗೂ ಶೂಗಳ ಆಧಾರದ ಪಿನ್ನಿಗೂ ತೆಳುವಾಗಿ ಶಾಖ ತಡೆಯುವ ಗ್ರೀಸ್ ಸವರಬೇಕು. ಲೈನರಿಗೆ ಅದರ ಸೋಂಕೂ ತಾಗಬಾರದು.

ಮರುಜೋಡಣೆಯಲ್ಲಿ ಎರಡು ಅಂಶಗಳು ಪ್ರಾಣಕ್ಕೆ ಸಂಬಂಧಿಸಿದವು. ಹಿಂದಿನ ಚಕ್ರದ ಟಾರ್ಕ್ ರಾಡಿನ ಬೋಲ್ಟನ್ನು ಬಿಗಿದು, ಅದರ ಕಾಟರ್ ಪಿನ್ನನ್ನು ಹೊಸದಾಗಿಯೇ ಹಾಕಬೇಕು. ಪಿನ್ನಿನ ಬದಲು ತಂತಿ ಸುತ್ತುವುದನ್ನು ಒಪ್ಪಲಾಗದು. ಬೋಲ್ಟು ಕಳಚಿದರೆ ಬ್ರೇಕ್ ಒತ್ತಿದಾಗ ಪ್ಲೇಟೇ ಚಕ್ರದೊಂದಿಗೆ ತಿರುಗಿ ರಾಡು ಮುರಿಯುತ್ತದೆ. ಮುಂದಿನ ಚಕ್ರದಲ್ಲಿ ಈ ರಾಡು ಇರುವುದಿಲ್ಲ. ಫೋರ್ಕಿನ ಕಾಲಿನ ಮೇಲಿರುವ ಉಬ್ಬು ಬ್ರೇಕ್ ಪ್ಲೇಟಿನ ಸಂದಿನಲ್ಲಿ ಕುಳಿತು ಪ್ಲೇಟನ್ನು ತಡೆಹಿಡಿಯುತ್ತದೆ. ಅವಸರದಲ್ಲಿ ಚಕ್ರ ಕೂರಿಸುವಾಗ ಈ ಉಬ್ಬು ಸಂದಿಗೆ ಸೇರದೆ ಹೋದರೆ, ಮೊದಲ ಬಾರಿ ಜೋರಾಗಿ ಬ್ರೇಕ್ ಹಿಡಿದಾಗಲೇ ಪ್ಲೇಟ್ ತಿರುಗಿ ಮುಂದಿನ ಚಕ್ರ ಕಟ್ಟಿಹೋಗುತ್ತದೆ. ಆಕ್ಸಲ್ ಬಿಗಿಯುವ ಮೊದಲು ಇದನ್ನು ಕಣ್ಣಿನಿಂದ ನೋಡಿ ಖಚಿತಪಡಿಸಿಕೊಳ್ಳತಕ್ಕದ್ದು.

ಆಕ್ಸಲ್ ನಟ್ಟನ್ನು ಪೂರ್ತಿ ಬಿಗಿಯುವ ಮೊದಲು ಬ್ರೇಕನ್ನು ಗಟ್ಟಿಯಾಗಿ ಒತ್ತಿ ಹಿಡಿದರೆ ಶೂಗಳು ಡ್ರಮ್ಮಿನ ನಡುವಿಗೆ ಬಂದು ಕೂರುತ್ತವೆ. ಒತ್ತಿದ ಸ್ಥಿತಿಯಲ್ಲೇ ನಟ್ಟು ಬಿಗಿಯಬೇಕು. ಮುಂದಿನ ಕೇಬಲ್ಲಿನ ಎಳೆಗಳಲ್ಲಿ ಒಂದು ಹರಿದಿದ್ದರೂ ಕೇಬಲ್ ಬದಲಾಯಿಸಬೇಕು. ಅನಂತರ ಆಟದ ಅಳತೆಯನ್ನು ಹೊಂದಿಸಬೇಕು: ಸಾಮಾನ್ಯವಾಗಿ ಮುಂದಿನ ಲಿವರಿನ ತುದಿಯಲ್ಲಿ 10ರಿಂದ 20 ಮಿ.ಮೀ., ಹಿಂದಿನ ಪೆಡಲಿನಲ್ಲಿ 20ರಿಂದ 30 ಮಿ.ಮೀ. ನಟ್ಟಿನ ಬಾಗಿದ ಕಚ್ಚು ಆರ್ಮಿನ ಪಿನ್ನಿನ ಮೇಲೆ ಸರಿಯಾಗಿ ಕುಳಿತಿರಬೇಕು. ಬ್ರೇಕ್ ಬಿಟ್ಟಾಗ ಚಕ್ರ ಉಜ್ಜದೆ ತಿರುಗಬೇಕು, ಬ್ರೇಕ್ ಒತ್ತಿದಾಗ ಹಿಂದಿನ ಕೆಂಪು ದೀಪ ಉರಿಯಬೇಕು. ಹೊಸ ಲೈನರ್ ಮೊದಲಿಗೆ ಡ್ರಮ್ಮಿಗೆ ಅಲ್ಲಲ್ಲಿ ಮಾತ್ರ ತಾಗುತ್ತದೆ. ಆದ್ದರಿಂದ ಆರಂಭದ ಕೆಲವು ದಿನ ನಿಧಾನವಾಗಿ ಚಲಿಸಿ, ಅಳತೆಯನ್ನು ಮತ್ತೊಮ್ಮೆ ಹೊಂದಿಸತಕ್ಕದ್ದು. ನೀರು ನಿಂತ ರಸ್ತೆಯನ್ನು ದಾಟಿದ ನಂತರ ಸ್ವಲ್ಪ ದೂರ ಬ್ರೇಕನ್ನು ಹಗುರವಾಗಿ ಒತ್ತುತ್ತಾ ಸಾಗಿದರೆ ಲೈನರ್ ಒಣಗುತ್ತದೆ.

ಡಿಸ್ಕ್ ಬ್ರೇಕ್ ಮತ್ತು ಜೋಡಿ ಬ್ರೇಕ್ ಇರುವ ವಾಹನಗಳು

ಡಿಸ್ಕ್ ಬ್ರೇಕಿನಲ್ಲಿ ನಟ್ಟಿನ ಸ್ಥಾನದಲ್ಲಿ ಬ್ರೇಕ್ ಆಯಿಲ್ ಇದೆ. ಪ್ಯಾಡುಗಳು ಸವೆದಂತೆ ಡಬ್ಬಿಯಲ್ಲಿನ ಆಯಿಲ್ ಮಟ್ಟ ಇಳಿಯುತ್ತದೆ. ಪ್ಯಾಡ್ ನೋಡದೆ ಆಯಿಲ್ ಮಾತ್ರ ತುಂಬಿಸುವುದು ನಟ್ಟು ಬಿಗಿದಂತೆಯೇ. ಪ್ಯಾಡಿನ ಮೇಲಿನ ಗೀರು ಅಳಿಸಿಹೋಗಿದ್ದರೆ ಬದಲಾಯಿಸಬೇಕು. ಡಿಸ್ಕಿನ ಕನಿಷ್ಠ ದಪ್ಪವನ್ನು ಸಾಮಾನ್ಯವಾಗಿ ಅದರ ಮೇಲೆಯೇ ನಮೂದಿಸಿರುತ್ತಾರೆ. ಆಯಿಲ್ ಗಾಳಿಯ ತೇವವನ್ನು ಹೀರುವ ಗುಣದ್ದಾದ್ದರಿಂದ ಸುಮಾರು ಎರಡು ವರ್ಷಕ್ಕೊಮ್ಮೆ ಬದಲಾಯಿಸುವುದು ಸೂಕ್ತ. ಡಬ್ಬಿಯ ಮುಚ್ಚಳದ ಮೇಲೆ ಸೂಚಿಸಿರುವ ಡಾಟ್ 3 ಅಥವಾ ಡಾಟ್ 4 ದರ್ಜೆಯನ್ನೇ ಬಳಸತಕ್ಕದ್ದು. ಎಂಜಿನ್ ಆಯಿಲ್ ಹಾಕಿದರೆ ರಬ್ಬರ್ ಸೀಲುಗಳು ಉಬ್ಬಿ ಬ್ರೇಕ್ ಕೆಡುತ್ತದೆ.

2019ರ ಏಪ್ರಿಲ್ 1ರಿಂದ 125 ಸಿ.ಸಿ. ಮೀರಿದ ಎಲ್ಲ ಹೊಸ ದ್ವಿಚಕ್ರ ವಾಹನಗಳಿಗೆ ಎಬಿಎಸ್, 125 ಸಿ.ಸಿ.ವರೆಗಿನವುಗಳಿಗೆ ಕನಿಷ್ಠ ಸಿಬಿಎಸ್ ಕಡ್ಡಾಯವಾಯಿತು. ಸಿಬಿಎಸ್ ವಾಹನದಲ್ಲಿ ಹಿಂದಿನ ಬ್ರೇಕ್ ಒತ್ತಿದಾಗ ಮುಂದಿನದೂ ಭಾಗಶಃ ಹಿಡಿಯುತ್ತದೆ. ಅವುಗಳ ಹೊಂದಾಣಿಕೆಯ ಕ್ರಮ ಬೇರೆಯಾದ್ದರಿಂದ ಹಳೆಯ ವಾಹನದ ರೂಢಿಯಂತೆ ಒಂದೇ ನಟ್ಟನ್ನು ಬಿಗಿದು ಬಿಡಬಾರದು. ಈ ವಾಹನಗಳೂ ಈಗ ಎರಡನೆಯ ಕೈಗೆ ಬರತೊಡಗಿವೆ.

ಕಾನೂನು ಮತ್ತು ಅರ್ಜಿ

ಮೋಟಾರು ವಾಹನಗಳ ಅಧಿನಿಯಮ, 1988ರ 190ನೇ ಪ್ರಕರಣದ ಪ್ರಕಾರ, ತನಗೆ ತಿಳಿದಿರುವ ಅಥವಾ ಸಾಧಾರಣ ಎಚ್ಚರಿಕೆಯಿಂದ ತಿಳಿಯಬಹುದಾಗಿದ್ದ ಅಪಾಯಕಾರಿ ದೋಷವುಳ್ಳ ವಾಹನವನ್ನು ಸಾರ್ವಜನಿಕ ಸ್ಥಳದಲ್ಲಿ ಚಲಾಯಿಸುವುದು ಅಪರಾಧವಾಗಿದೆ. ಚಲಾಯಿಸಲು ಬಿಡುವ ಮಾಲೀಕರೂ ಹೊಣೆಗಾರರು. ಆ ದೋಷದಿಂದ ಅಪಘಾತವಾದಲ್ಲಿ ದಂಡನೆ ಹೆಚ್ಚುತ್ತದೆ. ಬಾಣದ ಗುರುತು ಕಣ್ಣೆದುರಿಗಿರುವಾಗ ತಿಳಿದಿರಲಿಲ್ಲವೆಂಬ ಉತ್ತರ ನಿಲ್ಲುವುದು ಕಷ್ಟ. ಬ್ರೇಕುಗಳ ಬಗ್ಗೆ ಕೇಂದ್ರ ಮೋಟಾರು ವಾಹನಗಳ ನಿಯಮಗಳು, 1989ರ ನಿಯಮ 96ರಲ್ಲಿ ಉಪಬಂಧಗಳಿವೆ.

ಸ್ವಂತ ಬಳಕೆಯ ಮೋಟಾರು ಸೈಕಲ್ಲಿನ ನೋಂದಣಿಯು 15 ವರ್ಷಗಳವರೆಗೆ ಸಿಂಧುವಾಗಿರುತ್ತದೆ. ಅನಂತರ ನಮೂನೆ 25ರಲ್ಲಿ ಅರ್ಜಿ ಸಲ್ಲಿಸಿ, ವಾಹನವನ್ನು ಪರಿಶೀಲನೆಗೆ ಹಾಜರುಪಡಿಸಿ, 5 ವರ್ಷಗಳ ಅವಧಿಗೆ ನವೀಕರಿಸಿಕೊಳ್ಳಬೇಕು. ಅವಧಿ ಮುಗಿಯುವ ಮುಂಚಿನ 60 ದಿನಗಳೊಳಗೆ ಅರ್ಜಿ ಸಲ್ಲಿಸಬಹುದು. ನವೀಕರಣ ಶುಲ್ಕವು 2022ರಿಂದೀಚೆಗೆ ಪರಿಷ್ಕೃತವಾಗಿರುವುದರಿಂದ ಹಳೆಯ ರಸೀದಿಯನ್ನು ಆಧಾರವಾಗಿಟ್ಟುಕೊಳ್ಳದೆ, ಪರಿವಾಹನ್ ಜಾಲತಾಣದಲ್ಲಿ ಅರ್ಜಿ ತುಂಬುವಾಗ ತೋರಿಸುವ ಮೊತ್ತವನ್ನೇ ಪಾವತಿಸತಕ್ಕದ್ದು. ಹಸಿರು ತೆರಿಗೆ, ಚಾಲ್ತಿಯಲ್ಲಿರುವ ವಿಮೆ ಮತ್ತು ಹೊಗೆ ತಪಾಸಣೆಯ ಪ್ರಮಾಣಪತ್ರಗಳೂ ಅವಶ್ಯ.

ಬಳಸಿದ ವಾಹನವನ್ನು ರಾಜ್ಯದೊಳಗೆ ಕೊಂಡಲ್ಲಿ, ಮಾರಿದವರು 14 ದಿನಗಳೊಳಗೆ ನಮೂನೆ 29ರಲ್ಲಿ ವರದಿ ಮಾಡಬೇಕು. ಕೊಂಡವರು 30 ದಿನಗಳೊಳಗೆ ನಮೂನೆ 30ರಲ್ಲಿ ಮಾಲೀಕತ್ವ ವರ್ಗಾವಣೆಗೆ ಅರ್ಜಿ ಸಲ್ಲಿಸಬೇಕು. ಹಿಂದಿನ ಮಾಲೀಕರ ಸಾಲ ತೀರಿದ್ದರೂ ನೋಂದಣಿ ಪತ್ರದಲ್ಲಿ ಬ್ಯಾಂಕಿನ ಹೆಸರು ಉಳಿದಿದ್ದರೆ ನಮೂನೆ 35 ಬೇಕಾಗುತ್ತದೆ. ವರ್ಗಾವಣೆ ಮಾಡಿಸದೆ ಕೈಬರಹದ ಚೀಟಿಯ ಮೇಲೆ ವರ್ಷಗಟ್ಟಲೆ ಓಡಿಸಿದ ವಾಹನವು ಅಪಘಾತಕ್ಕೀಡಾದರೆ, ಎಂದೋ ಮಾರಿದವರ ಹೆಸರಿಗೆ ನೋಟೀಸು ಹೋಗುತ್ತದೆ. ಮಾರಿದವರು ನಮೂನೆ 29ರ ಪ್ರತಿಯನ್ನು ಜೋಪಾನವಾಗಿಟ್ಟುಕೊಳ್ಳುವುದು ಅವರ ಹಿತಕ್ಕೇ ಆಗಿದೆ.

ಪರಿಶೀಲನೆಯ ದಿನ ಮೋಟಾರು ವಾಹನ ನಿರೀಕ್ಷಕರು ಬ್ರೇಕನ್ನು ಹೊರಗಿನಿಂದ ಪರೀಕ್ಷಿಸುತ್ತಾರೆಯೇ ವಿನಾ ಚಕ್ರ ಬಿಚ್ಚಿ ಶೂಗಳನ್ನು ಅಳೆಯುವುದಿಲ್ಲ. ನವೀಕರಣ ದೊರೆತಿದ್ದು ಆ ದಿನದ ಸ್ಥಿತಿಗೆ ಸಂಬಂಧಿಸಿದೆ. ಮುಂದಿನ 5 ವರ್ಷಗಳ ಬ್ರೇಕಿನ ಭರವಸೆ ಅಲ್ಲ. ಆದುದರಿಂದ ದುರಸ್ತಿಯನ್ನು ಪರಿಶೀಲನೆಗೆ ಕೆಲವು ದಿನ ಮುಂಚೆಯೇ ಮಾಡಿಸಿ, ಲೈನರ್ ಹೊಂದಿಕೊಂಡ ಮೇಲೆ ವಾಹನವನ್ನು ತರುವುದು ಸೂಕ್ತ. ಹಿಂದಿನ ಸಂಜೆ ಶೂ ಹಾಕಿಸಿ ಮರುದಿನ ಬೆಳಿಗ್ಗೆ ತಂದ ವಾಹನದ ಬ್ರೇಕು ಸರಿಯಾಗಿ ಹಿಡಿಯದೆ, ಅರ್ಜಿದಾರರು ತಿಳವಳ್ಳಿಯಂತಹ ದೂರದ ಊರಿನಿಂದ ಇನ್ನೊಮ್ಮೆ ಬರಬೇಕಾದೀತು. ಶೂ ಖರೀದಿಯ ರಸೀದಿಯನ್ನು ಕಚೇರಿಗೆ ಸಲ್ಲಿಸುವ ಅಗತ್ಯವಿಲ್ಲ. ಬದಲಾಯಿಸಿದ ದಿನಾಂಕ ಮತ್ತು ಆ ದಿನದ ಕಿಲೋಮೀಟರ್ ಓಟವನ್ನು ಅದರ ಹಿಂಬದಿಯಲ್ಲಿ ಬರೆದು ವಾಹನದ ದಾಖಲೆಗಳ ಜೊತೆಗಿಟ್ಟುಕೊಂಡರೆ ಮುಂದಿನ ತಪಾಸಣೆ ಯಾವಾಗ ಎಂಬುದು ಮಾಲೀಕರಿಗೂ, ವಾಹನ ಮತ್ತೆ ಕೈ ಬದಲಾದಲ್ಲಿ ಕೊಳ್ಳುವವರಿಗೂ ತಿಳಿಯುತ್ತದೆ.